ನಗರಸಭೆಗೆ ಹೊಸದಾಗಿ ಸೇರೋರಿಗೆ ಮೊದಲ ವಾರ ಏನು ತೋರಿಸ್ತೀರಿ? ಅನುಭವ ಹೇಳಿ

ಕೇಳಿದವರು:
ಎಲ್ರಿಗೂ ನಮಸ್ಕಾರ. ನಾನು ಒಂದು ನಗರಸಭೆಲಿ ಆಫೀಸ್ ಮ್ಯಾನೇಜರ್. ಮುಂದಿನ ತಿಂಗಳು ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕರು), ಬಿಲ್ ಕಲೆಕ್ಟರ್, ಕಿರಿಯ ಆರೋಗ್ಯ ನಿರೀಕ್ಷಕರು ಅಂತ ಹೊಸಬರು ಬರ್ತಿದಾರೆ, ಹೆಚ್ಚಿನವರು ಚಿಕ್ಕ ವಯಸ್ಸು, ಈ ಊರಿಗೂ ಹೊಸಬರು. ಇಲ್ಲಿವರೆಗೆ ಜಾಯಿನಿಂಗ್ ರಿಪೋರ್ಟ್ ತಗೊಂಡು, ಕುರ್ಚಿ ತೋರಿಸಿ, ಹಳೇ ಫೈಲ್ ಕೊಟ್ಟು ಕೂರಿಸೋದೇ ಪದ್ಧತಿ. ಮೈಸೂರಲ್ಲಿ ತರಬೇತಿ ಇರುತ್ತೆ ನಿಜ, ಆದ್ರೆ ಅದಕ್ಕೆ ಕರೆ ಬರೋವರೆಗೆ ನಾವೇ ಏನು ಮಾಡಬಹುದು?

ಕಂದಾಯ ವಿಭಾಗ, ನಿವೃತ್ತ:
ಒಳ್ಳೇ ಪ್ರಶ್ನೆ ಸರ್. 1964ರ ಪುರಸಭೆಗಳ ಕಾಯ್ದೆ ಪುಸ್ತಕ ಮೊದಲ ದಿನವೇ ಕೈಗೆ ಕೊಡಬೇಡಿ, ತಲೆಗೆ ಹತ್ತಲ್ಲ. ಅದರ ಬದಲು ಒಂದು ಖಾತಾ ಬದಲಾವಣೆ ಅರ್ಜಿ ತೋರಿಸಿ, ಇದರ ಹಿಂದೆನೇ ಹೋಗಪ್ಪಾ ಅನ್ನಿ. ಕೌಂಟರಲ್ಲಿ ಅರ್ಜಿ ತಗೊಂಡು ಸಕಾಲ (ಗಡುವಿನೊಳಗೆ ಸೇವೆ ಕೊಡೋ ಯೋಜನೆ) ನಂಬರ್ ಕೊಡೋದು, ಕೇಸ್ ವರ್ಕರ್ ಕಾಗದ ನೋಡೋದು, ಬಿಲ್ ಕಲೆಕ್ಟರ್ ಸ್ಥಳಕ್ಕೆ ಹೋಗಿ ಅಳತೆ ಚೆಕ್ ಮಾಡೋದು, ಆರ್‌ಐ (ಕಂದಾಯ ನಿರೀಕ್ಷಕರು) ವರದಿ, ಅಲ್ಲಿಂದ ಕಂದಾಯ ಅಧಿಕಾರಿ, ಪೌರಾಯುಕ್ತರು, ಕೊನೆಗೆ ಆಸ್ತಿ ದಾಖಲೆಯ ತಂತ್ರಾಂಶ ಇ-ಆಸ್ತಿಲಿ ಫಾರಂ 3 (ಆಸ್ತಿ ದಾಖಲೆಯ ಪ್ರತಿ) ಬರೋವರೆಗೆ. ಪ್ರತಿ ಟೇಬಲ್ ಹತ್ರನೂ ಇದು ಇಲ್ಲಿ ಯಾಕೆ ನಿಲ್ಲುತ್ತೆ ಅಂತ ಒಂದೇ ಪ್ರಶ್ನೆ ಕೇಳ್ಲಿ. ಇಷ್ಟು ಮಾಡಿದ್ರೆ ಆಫೀಸಲ್ಲಿ ಯಾರ ಕೆಲಸ ಏನು ಅಂತ ಬೇರೆ ಹೇಳಬೇಕಾಗೇ ಇಲ್ಲ. ಸಕಾಲದ ಗಡುವು ದಾಟಿದ್ರೆ ದಿನಕ್ಕೆ 20 ರೂಪಾಯಿ, ಹೆಚ್ಚಂದ್ರೆ 500 ರೂಪಾಯಿ ಅರ್ಜಿದಾರರಿಗೆ ಪರಿಹಾರ ಕೊಡಬೇಕು, ಅದೂ ತಡ ಮಾಡಿದ ಅಧಿಕಾರಿ ಕಡೆಯಿಂದ, ಇದನ್ನ ಅವತ್ತೇ ಹೇಳ್ಬಿಡಿ.

ಆಮೇಲೆ ಟಿಪ್ಪಣಿ ಬರೆಯೋದು. ಹುಡುಗರು ಕಂಪ್ಯೂಟರ್ ನಮಗಿಂತ ಚೆನ್ನಾಗಿ ಮಾಡ್ತಾರೆ, ಆದ್ರೆ 'ಮಂಡಿಸಿದೆ' ಅಂತ ಒಂದೇ ಪದ ಬರೆದು ಮೇಲಕ್ಕೆ ಕಳಿಸ್ತಾರೆ. ಅರ್ಜಿದಾರ ಏನು ಕೇಳಿದಾನೆ, ದಾಖಲೆಲಿ ಏನಿದೆ, ಏನು ಕೊರತೆ, ನನ್ನ ಅಭಿಪ್ರಾಯ ಏನು, ಇಷ್ಟೂ ಬರ್ಬೇಕು. ಚೆನ್ನಾಗಿ ಬರೆದ ಹಳೇ ಕಡತ ಆರಿಸಿಟ್ಟು ಅದನ್ನೇ ನೋಡಿ ಬರೆಸಿ.

ಆರೋಗ್ಯ ನಿರೀಕ್ಷಕ, ಬೆಳಗಾವಿ ಕಡೆ:
ನಾವು ಹೊಸದಾಗಿ ಬಂದವ್ರನ್ನ, ಅವ್ರು ಯಾವ ಸೆಕ್ಷನ್‌ದವ್ರ ಇರ್ಲಿ, ಮುಂಜಾನೆ ಆರಕ್ಕ ಹಾಜರಿ ಹಾಕೋ ಜಾಗಾಕ್ಕ ಬರ್ರಿ ಅಂತೀವ್ರಿ. ಯಾವ ಓಣಿಗೆ ಯಾವ ಪೌರಕಾರ್ಮಿಕರು, ಗಾಡಿ ಎಲ್ಲಿಂದ ಎಲ್ಲಿಗೆ, ಹಸಿ ಕಸ ಒಣ ಕಸ ಬ್ಯಾರೆ ಮಾಡಿ ಕೊಡ್ಲಾರದ ಮನಿ ಯಾವು, ಎಲ್ಲಾ ಕಣ್ಣಾರೆ ನೋಡಬೇಕು. ಬಿಲ್ ಕಲೆಕ್ಟರ್‌ಗೆ ಇದ್ರಿಂದ ಏನ್ ಉಪಯೋಗ ಅಂತೀರಿ? ನಾಳೆ ಅಂವ ಕರ ಕೇಳಾಕ ಬಾಗಲಾ ಮುಂದ ನಿಂತ್ರ ಮೊದ್ಲ ಬರೋ ಮಾತು 'ಕಸದ ಗಾಡಿನ ಬರಂಗಿಲ್ಲ, ಕರ ಯಾಕ ಕಟ್ಟಬೇಕು' ಅಂತ. ಗಾಡಿ ಎಷ್ಟಕ್ಕ ಬರತೈತಿ ಅಂತ ಗೊತ್ತಿದ್ರ ಉತ್ತರ ಕೊಡ್ತಾನ, ಇಲ್ಲಾಂದ್ರ ತಲಿ ತಗ್ಗಿಸಿ ವಾಪಸ್ ಬರ್ತಾನ.

ಇನ್ನೊಂದು ಗಟ್ಟಿಯಾಗಿ ಹೇಳ್ರಿ. ಸುರಕ್ಷತೆ ಇಲ್ದ ಮ್ಯಾನ್‌ಹೋಲ್, ಸೆಪ್ಟಿಕ್ ಟ್ಯಾಂಕ್ ಒಳಗ ಮನಷ್ಯಾನ್ನ ಇಳಸೋದು ಮಲ ಹೊರೋ ಪದ್ಧತಿ ನಿಷೇಧದ 2013ರ ಕಾಯ್ದೆ ಪ್ರಕಾರ ಅಪರಾಧ. ಎಷ್ಟ ದೊಡ್ಡವರು ಫೋನ್ ಮಾಡಿ ಅರ್ಜೆಂಟ್ ಐತಿ ಅಂದ್ರೂ ಮಷಿನ್ ಬರೂತನಕ ಕಾಯಬೇಕು. ಒಳಗಿನ ಗ್ಯಾಸಿಗೆ ಒಬ್ಬಾವ ಬಿದ್ರ ಅವನ್ನ ಎತ್ತಾಕ ಇಳಿದಾವನೂ ಹೋಗ್ತಾನ. ಹೊಸ ಹುಡುಗ್ರಿಗೆ ಇಲ್ಲ ಅನ್ನಾಕ ಅಂಜಿಕಿ ಇರತೈತಿ, ಅದಕ್ಕ ನೀವ ಅವರ ಬೆನ್ನಿಗೆ ಇದ್ದೀವಿ ಅಂತ ಮೊದಲ ಹೇಳಬೇಕ್ರಿ.

ಎಫ್‌ಡಿಎ, ಜನನ ಮರಣ ಶಾಖೆ:
ನಾನು ಕೌಂಟರ್ ಬಗ್ಗೆ ಹೇಳ್ತೀನಿ. ಮರಣ ಪ್ರಮಾಣಪತ್ರಕ್ಕೆ ಬರೋರು ಮನೇಲಿ ಸಾವಾಗಿ ಬಂದಿರ್ತಾರೆ, ಬ್ಯಾಂಕು, ಪಿಂಚಣಿ, ಖಾತಾ ಎಲ್ಲದಕ್ಕೂ ಆ ಒಂದು ಕಾಗದ ಬೇಕು. 'ನಾಳೆ ಬನ್ನಿ' ಅನ್ನೋದನ್ನ ಹೊಸಬರು ಕಲಿಯೋಕ್ಮುಂಚೆ ಅವರನ್ನ ಕೌಂಟರ್ ಆಚೆ ಕಡೆ, ಜನ ಕೂರೋ ಬೆಂಚಲ್ಲಿ ಒಂದು ಬೆಳಗ್ಗೆ ಪೂರ್ತಿ ಕೂರಿಸಿ. ಒಬ್ಬಜ್ಜಿ ಎಷ್ಟು ಹೊತ್ತು ಕಾಯ್ತಾರೆ, ಆಧಾರ್ ಜೆರಾಕ್ಸ್ ಇಲ್ಲ ಅಂತ ಎಷ್ಟು ಜನ ವಾಪಸ್ ಹೋಗ್ತಾರೆ ನೋಡ್ಲಿ. 21 ದಿನದೊಳಗೆ ಬಂದ್ರೆ ನೋಂದಣಿಗೆ ಶುಲ್ಕ ಇಲ್ಲ, ವರ್ಷ ದಾಟಿದ್ರೆ ಮ್ಯಾಜಿಸ್ಟ್ರೇಟ್ ಆದೇಶ ಬೇಕು, ಇದು ಬಾಯಿಪಾಠ ಇರ್ಲಿ. ಹೆಸರಿನ ಅಕ್ಷರ ಎಂಟ್ರಿ ಮಾಡೋಕ್ಮುಂಚೆ ಅರ್ಜಿದಾರರಿಗೆ ಸ್ಕ್ರೀನ್ ತೋರಿಸಿ ಓದಿಸಿಬಿಡ್ಲಿ, ಆಮೇಲಿನ ತಿದ್ದುಪಡಿ ಓಡಾಟ ಎಷ್ಟೋ ಉಳಿಯುತ್ತೆ.

ಜೆಇ (ಕಿರಿಯ ಎಂಜಿನಿಯರ್), ನೀರು ಸರಬರಾಜು:
ವಾಲ್ವ್‌ಮನ್ ಜೊತೆ ಒಂದು ರೌಂಡ್ ಕಳಿಸಿ ಸರ್. ಹಳೇ ಲೈನ್ ಎಲ್ಲಿ ಹೋಗಿದೆ ಅಂತ ಎಷ್ಟೋ ಊರಲ್ಲಿ ನಕ್ಷೆಲಿ ಇಲ್ಲ, ಅವರ ತಲೆಲಿದೆ. ಅವರು ರಿಟೈರ್ ಆಗೋಕ್ಮುಂಚೆ ಹೊಸ ಹುಡುಗರ ಕೈಲಿ ಮೊಬೈಲಲ್ಲೇ ಗುರುತು ಹಾಕಿಸಿಕೊಂಡ್ರೆ ಆಫೀಸಿಗೂ ಲಾಭ.

ಕೇಳಿದವರು:
ಇದೆಲ್ಲ ಬರ್ಕೊಂಡೆ, ತುಂಬಾ ಥ್ಯಾಂಕ್ಸ್. ನಗರಸಭೆ ಸದಸ್ಯರ ಫೋನ್ ವಿಷಯಕ್ಕೆ ಏನು ಹೇಳೋದು? ಹೊಸಬರು ಅಲ್ಲೇ ಗಾಬರಿ ಬೀಳ್ತಾರೆ.

ಕಂದಾಯ ವಿಭಾಗ, ನಿವೃತ್ತ:
ಸದಸ್ಯರನ್ನ ವೈರಿ ಥರ ನೋಡೋದನ್ನ ಮಾತ್ರ ಕಲಿಸಬೇಡಿ. ಜನ ಅವರ ಮನೆ ಬಾಗಿಲಿಗೆ ಹೋಗ್ತಾರೆ, ಅವರು ನಮಗೆ ಫೋನ್ ಮಾಡ್ತಾರೆ, ಅದು ಅವರ ಕೆಲಸ. ಗೌರವವಾಗಿ ಮಾತಾಡ್ಲಿ, ವಾರ್ಡ್, ವಿಷಯ ಬರ್ಕೊಳ್ಲಿ, ಆಗೋದಾದ್ರೆ ಯಾವಾಗ ಅಂತ ಹೇಳ್ಲಿ. ನಿಯಮಕ್ಕೆ ಹೊರಗಿಂದಾದ್ರೆ 'ಲಿಖಿತವಾಗಿ ಕೊಡಿ ಸರ್, ಪೌರಾಯುಕ್ತರ ಮುಂದೆ ಇಡ್ತೀನಿ' ಅಷ್ಟೇ. ಬಾಯಿಮಾತಿನ ಮೇಲೆ ಕಡತದಲ್ಲಿ ಒಂದಕ್ಷರನೂ ಬದಲಾಗಬಾರದು. ಒಂದು ಸಾಮಾನ್ಯ ಸಭೆಗೆ ಕರ್ಕೊಂಡು ಹೋಗಿ ಹಿಂದೆ ಕೂರಿಸಿ, ಠರಾವು ಹೇಗಾಗುತ್ತೆ, ನಡವಳಿ ಹೇಗೆ ಬರೀತಾರೆ ಅಂತ ನೋಡ್ಲಿ. ಮತ್ತೆ ಏಪ್ರಿಲ್‌ನಲ್ಲಿ ತೆರಿಗೆ ಕೌಂಟರಿಗೆ ಹೊಸಬರನ್ನ ಒಬ್ಬರನ್ನೇ ಬಿಡಬೇಡಿ, 5% ರಿಯಾಯಿತಿಗೆ ಜನ ಮುಗಿಬೀಳ್ತಾರೆ.

ಎಫ್‌ಡಿಎ, ಜನನ ಮರಣ ಶಾಖೆ:
ಇನ್ನೊಂದು ಸರ್, ಮೊದಲ ಸಂಬಳ ತಡ ಆಗೋ ಸಾಧ್ಯತೆ ಇದೆ ಅಂತ ಮೊದಲೇ ಹೇಳ್ಬಿಡಿ, ದೂರದೂರಿಂದ ಬಂದು ರೂಮ್ ಅಡ್ವಾನ್ಸ್ ಕೊಟ್ಟಿರ್ತಾರೆ. ಸೇವಾ ಪುಸ್ತಕ ತೆರೆಯೋದು, ಎನ್‌ಪಿಎಸ್ (ಪಿಂಚಣಿ ಯೋಜನೆ) ಫಾರಂ ಎಲ್ಲ ಮೊದಲ ವಾರದಲ್ಲೇ ನೀವೇ ಕೂತು ಮಾಡಿಸಿ. ಇಲಾಖಾ ಪರೀಕ್ಷೆಗೆ ಅರ್ಜಿ ಕರೆದಾಗ ನೋಟಿಸ್ ಬೋರ್ಡಿಗೆ ಅಂಟಿಸಿ ಸುಮ್ನಾಗಬೇಡಿ, ಕರೆದು ಹೇಳಿ.