ಹಿಮದಲ್ಲಿ ಎಸ್‌ಯುವಿ: ಬೇಸಿಗೆಯ ಪರ್ಫಾರ್ಮೆನ್ಸ್ ಟೈರು ಸಾಕೇ?

ಪ್ರಶ್ನೆ: ಮಾಂಟ್ರಿಯಲ್‌ನಲ್ಲಿರುವ ನಮ್ಮ ಎಸ್‌ಯುವಿಗೆ ಬೇಸಿಗೆಯ ಪರ್ಫಾರ್ಮೆನ್ಸ್ ಟೈರುಗಳಿವೆ. ನಿನ್ನೆ ಮೊದಲ ಹಿಮ ಬಿದ್ದಾಗ, ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಸಿಗುವ ಗಾಡಿಯಾದರೂ, ಬ್ರೇಕ್ ಒತ್ತಿದೊಡನೆ ಪೆಡಲ್ ಕಾಲಡಿಯಲ್ಲಿ ಗಡಗಡ ನಡುಗಿ, ಗಾಡಿ ಸಿಗ್ನಲ್ ದಾಟಿ ಜಾರಿ ನಿಂತಿತು. ಟೈರು ಬದಲಿಸಲು ಡಿಸೆಂಬರ್ 1ರವರೆಗೆ ಕಾಯಬಹುದೇ?

ಉತ್ತರ 1: ದಯವಿಟ್ಟು ಕಾಯಬೇಡಿ. ಉಷ್ಣಾಂಶ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದಂತೆ ಆ ಟೈರಿನ ರಬ್ಬರು ಗಡುಸಾಗಿ ಹಿಡಿತ ಕಳೆದುಕೊಳ್ಳುತ್ತದೆ. ನಾಲ್ಕು ಚಕ್ರಗಳ ಚಾಲನೆಯು ಗಾಡಿ ಹೊರಡಲು ನೆರವಾಗುತ್ತದೆಯೇ ಹೊರತು ನಿಲ್ಲಲು ಅಲ್ಲ.

ಉತ್ತರ 2: ಮಾಂಟ್ರಿಯಲ್ ಇರುವ ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರು ಕಡ್ಡಾಯ, ಆದರೆ ಅದು ಕೊನೆಯ ಗಡುವಷ್ಟೆ. ಟೈರಿನ ಬದಿಯಲ್ಲಿ ಮೂರು ಶಿಖರಗಳ ನಡುವೆ ಹಿಮಹರಳಿರುವ ಗುರುತನ್ನು ನೋಡಿಕೊಂಡು ನಾಲ್ಕನ್ನೂ ಒಟ್ಟಿಗೇ ಬದಲಿಸಿ. ಮುಂದಿನ ಎರಡನ್ನೇ ಬದಲಿಸಿದರೆ ತಿರುವಿನಲ್ಲಿ ಹಿಂಭಾಗ ಜಾರಬಹುದು.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ಶನಿವಾರವೇ ಹಾಕಿಸುತ್ತೇನೆ, ಅಲ್ಲಿಯವರೆಗೆ ಮೆಟ್ರೋದಲ್ಲಿ ಓಡಾಡುತ್ತೇನೆ.