ನಿಕಲ್ ಸರಳು ಮೊದಲು ಕುಗ್ಗಿತು, ಆಮೇಲೆ ಉದ್ದವಾಯಿತು. ಯಾಕೆ?

ತಾಮ್ರದತಂತಿ:
ಕಾಂತದಿಂದ ಲೋಹದ ಉದ್ದ ಬದಲಾಗುವುದನ್ನು ನೋಡಲು 20 ಸೆಂ.ಮೀ. ನಿಕಲ್ ಸರಳಿಗೆ ತಂತಿಯ ಕಾಯಿಲ್ ಸುತ್ತಿದ್ದೇನೆ. ಒಂದು ತುದಿ ಬಿಗಿ. ಇನ್ನೊಂದು ತುದಿಯ ಕೆಳಗೆ ಹೊಲಿಗೆ ಸೂಜಿ, ಸೂಜಿಗೆ ಅಂಟಿಸಿದ ಪುಟ್ಟ ಕನ್ನಡಿ, ಕನ್ನಡಿಗೆ ಲೇಸರ್. ಸ್ವಿಚ್ ಹಾಕಿದ ಕೂಡಲೇ ಗೋಡೆ ಮೇಲಿನ ಚುಕ್ಕೆ ಮೂರು ಸೆಂ.ಮೀ. ಇಳಿಯಿತು. ಅಂದರೆ ಸರಳು ಕುಗ್ಗಿತು. ಖುಷಿಯೋ ಖುಷಿ. ಆದರೆ ಅರ್ಧ ನಿಮಿಷದಲ್ಲಿ ಚುಕ್ಕೆ ಮೆಲ್ಲಗೆ ಹತ್ತಿ, ಮೊದಲಿನ ಗುರುತನ್ನೂ ದಾಟಿಹೋಯಿತು! ಕರೆಂಟ್ ಇನ್ನೂ ಏರಿಸಲಾ?

ಹಳೇಲ್ಯಾಬು:
ಬೇಡ. ಕಾಯಿಲ್ ಮುಟ್ಟಿ ನೋಡಿದ್ರಾ? ನಿಕಲ್ ಪೂರ್ತಿ ಕುಗ್ಗಿದರೂ ಹತ್ತು ಲಕ್ಷಕ್ಕೆ ಸುಮಾರು 35 ಪಾಲು ಅಷ್ಟೇ. ನಿಮ್ಮ ಸರಳಿಗೆ 7 ಮೈಕ್ರಾನ್. ಅದೇ ನಿಕಲ್ ಒಂದು ಡಿಗ್ರಿ ಬಿಸಿಗೆ 13 ಪಾಲು ಹಿಗ್ಗುತ್ತದೆ. ಮೂರು ಡಿಗ್ರಿ ಏರಿದರೆ ಎಲ್ಲಾ ಹೊಳೆಯಲ್ಲಿ ಹುಣಸೆಹಣ್ಣು. ನಾನೂ ಎರಡು ದಿನ ಬರೀ ಬಿಸಿಯನ್ನೇ ಅಳೆದವನು. ತಮಾಷೆ ಅಂದ್ರೆ, ಕಾಂತದಿಂದ ಕಬ್ಬಿಣ ಉದ್ದವಾಗುವುದನ್ನು 1842ರಲ್ಲಿ ತೋರಿಸಿದ ಜೂಲ್ ಹೆಸರೇ ತಂತಿಯ ಈ ಬಿಸಿಗೂ ಇದೆ.

ಕರೆಂಟ್ ಏರಿಸಿದರೂ ದೊಡ್ಡ ಲಾಭವಿಲ್ಲ. ಪ್ರತಿ ಪರಮಾಣುವಿನಲ್ಲೂ ಪುಟ್ಟ ಕಾಂತದ ಸೂಜಿಯಂಥದ್ದು ಇದೆ, ಅದೇ ಸ್ಪಿನ್. ಅದು ತಿರುಗಿದಾಗ ಜೊತೆಗೆ ಎಲೆಕ್ಟ್ರಾನ್ ಮೋಡವೂ ತುಸು ತಿರುಗುತ್ತದೆ, ಅಕ್ಕಪಕ್ಕದ ಪರಮಾಣುಗಳನ್ನು ಎಳೆಯುತ್ತದೆ. ಎಲ್ಲಾ ಸ್ಪಿನ್ ಒಂದೇ ಕಡೆ ತಿರುಗಿ ಆದ ಮೇಲೆ ಬದಲಾವಣೆ ಬಹುತೇಕ ನಿಂತೇಹೋಗುತ್ತದೆ. ಟರ್ಬಿಯಂ ಅನ್ನೋ ಲೋಹದಲ್ಲಿ ಈ ಮೋಡ ಬಿಲ್ಲೆಯ ಹಾಗೆ ಚಪ್ಪಟೆ, ತಿರುಗಿದಾಗ ಎಳೆತವೂ ಜೋರು. ಅದಕ್ಕೇ ಟರ್ಬಿಯಂ, ಡಿಸ್ಪ್ರೋಸಿಯಂ, ಕಬ್ಬಿಣ ಸೇರಿದ ಟರ್ಫೆನಾಲ್-ಡಿ ಎಂಬ ಮಿಶ್ರಲೋಹ ಹತ್ತು ಲಕ್ಷಕ್ಕೆ ಸಾವಿರ ಪಾಲಿಗಿಂತ ಜಾಸ್ತಿ ಹಿಗ್ಗುತ್ತದೆ.

ತಾಮ್ರದತಂತಿ:
ಹಾಗಾದ್ರೆ 90 ಟೆಸ್ಲಾದಂಥ (ಟೆಸ್ಲಾ ಅಂದ್ರೆ ಕಾಂತಕ್ಷೇತ್ರದ ಅಳತೆ) ಭಾರೀ ಕ್ಷೇತ್ರದಲ್ಲೆಲ್ಲ ಯಾಕೆ ಅಳೆಯುತ್ತಾರೆ?

ಹಳೇಲ್ಯಾಬು:
ಕಾಂತಕ್ಕೆ ಸುಲಭವಾಗಿ ಬಗ್ಗದ ಹರಳುಗಳಿಗೆ. ಯುರೇನಿಯಂ ಡೈಆಕ್ಸೈಡ್ ತಗೊಳ್ಳಿ. ಸುಮಾರು ಮೈನಸ್ 243 ಡಿಗ್ರಿ, ಅಂದರೆ 30 ಕೆಲ್ವಿನ್‌ಗಿಂತ ಕೆಳಗೆ ಅದರ ಸ್ಪಿನ್‌ಗಳು ಒಂದನ್ನೊಂದು ರದ್ದು ಮಾಡಿಕೊಂಡು ಗಟ್ಟಿಯಾಗಿ ಕೂತಿರುತ್ತವೆ. ಅಮೆರಿಕದ ಪ್ರಯೋಗಾಲಯ ಲಾಸ್ ಅಲಮೋಸ್‌ನಲ್ಲಿ ಹರಳಿಗೆ ಕೂದಲಿನಷ್ಟು ತೆಳ್ಳಗಿನ ಗಾಜಿನ ಎಳೆ ಅಂಟಿಸಿ, ಮಿಲಿಸೆಕೆಂಡುಗಳ ಕಾಂತದ ಹೊಡೆತ ಕೊಟ್ಟರು. ಹರಳು ಹಿಗ್ಗಿದರೆ ಎಳೆಯಿಂದ ವಾಪಸ್ ಬರುವ ಬೆಳಕಿನ ಬಣ್ಣ ಚೂರು ಸರಿಯುತ್ತದೆ. ಕಾಂತಕ್ಷೇತ್ರವನ್ನು ಉಲ್ಟಾ ಮಾಡಿದರೆ ಹಿಗ್ಗುತ್ತಿದ್ದ ಹರಳು ಕುಗ್ಗತೊಡಗುತ್ತದೆ, ಸುಮಾರು 18 ಟೆಸ್ಲಾ ಬಂದಾಗ ಸ್ಪಿನ್ ಎಲ್ಲಾ ಥಟ್ಟನೆ ಮಗುಚಿ ಹರಳು ಮತ್ತೆ ಹಿಗ್ಗುತ್ತದೆ. ಗ್ರಾಫ್ ಬಿಡಿಸಿದರೆ ಥೇಟ್ ಚಿಟ್ಟೆ ರೆಕ್ಕೆ.

ತಾಮ್ರದತಂತಿ:
ಒಂದೇ ಸೆಕೆಂಡ್ ಸ್ವಿಚ್ ಹಾಕಿ ತೆಗೆದೆ. ಚುಕ್ಕೆ ಇಳಿಯಿತು, ಹೆಚ್ಚುಕಡಿಮೆ ಅದೇ ಗುರುತಿಗೆ ವಾಪಸ್ ಬಂತು. ಕಾಯಿಲ್ ತಣ್ಣಗಿತ್ತು.