‘ಹಗೇವು’ ಪದದ ಅರ್ಥ ಮತ್ತು ಮೂಲ

ದಾವಣಗೆರೆ, ಚಿತ್ರದುರ್ಗ ಸೀಮೆಯ ಹಳ್ಳಿಗಳಲ್ಲಿ ಜೋಳವನ್ನು ನೆಲದೊಳಗೆ ತುಂಬಿಡುತ್ತಿದ್ದ ಗುಂಡಿಗೆ ‘ಹಗೇವು’ ಎಂದು ಹೆಸರು. ಹಗೆ, ಹಗಹ ಎಂಬ ರೂಪಗಳೂ ಕನ್ನಡದಲ್ಲಿವೆ. ಇದಕ್ಕೆ ‘ನೆಲದೊಳಗಿನ ಕಣಜ’ ಎಂದು ಅರ್ಥ ಹೇಳುವುದು ವಾಡಿಕೆಯಾದರೂ ಈ ವಿವರಣೆಯಲ್ಲಿ ಪದದ ತಿರುಳೇ ತಪ್ಪಿಹೋಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಕಣಜ ಎದುರಿಗೆ ಕಾಣುವಂಥದ್ದು, ಬೇಕೆಂದಾಗ ಮೊಗೆದುಕೊಳ್ಳುವಂಥದ್ದು. ಹಗೇವನ್ನಾದರೋ ನೀರು ಜಿನುಗದ ಗಟ್ಟಿ ನೆಲದಲ್ಲಿ, ಬಾಯಿ ಒಬ್ಬ ಆಳು ಇಳಿಯುವಷ್ಟು ಕಿರಿದಾಗಿಯೂ ಒಡಲು ಅಗಲವಾಗಿಯೂ ಇರುವಂತೆ ತೋಡಿ, ಒಳಗೆ ಬೆಂಕಿ ಹಾಕಿ ತೇವ ಆರಿಸಿ, ತಳಕ್ಕೂ ಸುತ್ತಲಿಗೂ ಒಣಹುಲ್ಲು ಒತ್ತಿ, ಕಾಳು ತುಂಬಿದ ಮೇಲೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿ ನೆಲಕ್ಕೆ ಸಮ ಮಾಡುತ್ತಿದ್ದರು. ಮೇಲೆ ಜನ, ದನ ಓಡಾಡುತ್ತಿದ್ದರೂ ಹೊರಗಿನವರಿಗೆ ಅದರ ಸುಳಿವು ಸಿಗುತ್ತಿರಲಿಲ್ಲ. ಕಾಳು ಉಸಿರಾಡಿ ಒಳಗಿನ ಆಮ್ಲಜನಕ ತೀರುವುದರಿಂದ ಹುಳು ಬದುಕುವುದಿಲ್ಲ. ಜೋಳ ವರ್ಷಗಟ್ಟಲೆ ಉಳಿಯುತ್ತದೆ, ಆದರೆ ಅದಕ್ಕೊಂದು ಮುಗ್ಗಲು ವಾಸನೆ ಹತ್ತುತ್ತದೆ. ತೆರೆದ ಕೂಡಲೇ ಇಳಿದವರು ಉಸಿರುಗಟ್ಟಿ ಸಾಯುವ ಅಪಾಯವಿರುವುದರಿಂದ, ಮೊದಲು ಗಾಳಿಯಾಡಲು ಬಿಟ್ಟು, ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಆಳನ್ನು ಇಳಿಸುವುದು ರೂಢಿಯಾಗಿತ್ತು. ಆದ್ದರಿಂದ ಮರೆಮಾಚುವುದು ಮತ್ತು ಗಾಳಿಯಾಡದಂತೆ ಮುಚ್ಚುವುದು, ಇವೆರಡೂ ಅರ್ಥವಿವರಣೆಯಲ್ಲಿ ಬರಲೇಬೇಕು.

ಮೂಲದ ವಿಚಾರ ಇನ್ನೂ ಸ್ವಾರಸ್ಯವಾದುದು. ಕೊಳ್ಳೆಗಾರರಿಂದ ಕಾಳು ಉಳಿಸಿಕೊಳ್ಳಲು ತೋಡಿದ್ದೆಂಬ ಕಾರಣಕ್ಕೆ ಇದನ್ನು ವೈರಿ ಎಂಬರ್ಥದ ‘ಹಗೆ’ಯೊಡನೆ ಹೊಂದಿಸಬೇಕೆನಿಸುತ್ತದೆ, ಆದರೆ ಅದು ಕೇವಲ ಧ್ವನಿಸಾಮ್ಯವೆಂದು ನಾನು ಎಣಿಸುತ್ತೇನೆ. ತೋಡು ಎಂಬರ್ಥದ ‘ಅಗೆ’ ಧಾತು ಅರ್ಥದ ದೃಷ್ಟಿಯಿಂದ ಹೆಚ್ಚು ಹತ್ತಿರದ್ದು, ಕೋಟೆಯ ಸುತ್ತಲಿನ ಕಂದಕವನ್ನು ಹೇಳುವ ‘ಅಗಳು’ ಅದರ ಬಳಗದ್ದೇ. ಆಡುಮಾತಿನಲ್ಲಿ ಹಕಾರ ಬಿದ್ದು ‘ಅಗೇವು’ ಎಂದಾಗುವುದೂ ಈ ಊಹೆಗೆ ಇಂಬು ಕೊಡುವಂತೆ ತೋರುತ್ತದೆ.

ಇಲ್ಲಿ ಮರಾಠಿಯ ‘ಪೇವ್’ ಅಡ್ಡ ಬರುತ್ತದೆ. ಅದರ ಅರ್ಥವೂ ನೆಲದೊಳಗಿನ ಧಾನ್ಯದ ಗುಂಡಿಯೇ. ಏನಾದರೂ ಒಮ್ಮೆಲೇ ಹೇರಳವಾಗಿ ಕಾಣಿಸಿಕೊಂಡರೆ ‘ಪೇವ್ ಒಡೆಯಿತು’ ಎಂಬ ನುಡಿಗಟ್ಟೂ ಆ ಭಾಷೆಯಲ್ಲಿದೆ. ಹಳಗನ್ನಡದ ‘ಪಾಲು’ ಹೊಸಗನ್ನಡದಲ್ಲಿ ‘ಹಾಲು’ ಆದಂತೆ ನಮ್ಮ ಹಗೇವು ಹಿಂದೆ ‘ಪಗೇವು’ ಎಂದಿದ್ದು, ನಡುವಿನ ಗಕಾರ ಸವೆದು ‘ಪೇವ್’ ಆಗಿರುವುದಾದರೆ, ಸ್ವರದಿಂದ ಮೊದಲಾಗುವ ‘ಅಗೆ’ ಇದರ ಮೂಲವಾಗಲಾರದು. ತೆಲುಗಿನ ‘ಪಾತರ’ ಇದೇ ಅರ್ಥದ ಪದವಾದರೂ ಹೂಳು ಎಂಬರ್ಥದ ‘ಪಾತು’ವಿನಿಂದ ಬಂದದ್ದು, ಅದನ್ನು ಇದರೊಡನೆ ಬೆರೆಸಬಾರದು.

ಭದ್ರಾ ನಾಲೆಯ ನೀರು ಬಂದು ದಾವಣಗೆರೆ ಸುತ್ತಿನ ಜೋಳದ ಹೊಲಗಳು ಭತ್ತದ ಗದ್ದೆಗಳಾದ ಮೇಲೆ ಪದದ ಬಳಕೆಯೂ ಹಿರಿಯರ ಬಾಯಿಗೆ ಸೀಮಿತವಾಗುತ್ತಿದೆ. ಆದುದರಿಂದ ಬಲ್ಲವರಲ್ಲಿ ಎರಡು ಪ್ರಶ್ನೆಗಳು: ಪಕಾರದಿಂದ ಮೊದಲಾಗುವ ರೂಪ ಯಾವುದಾದರೂ ಶಾಸನದಲ್ಲೋ ಹಳಗನ್ನಡ ಕಾವ್ಯದಲ್ಲೋ ಕಂಡದ್ದುಂಟೇ? ತೆಲುಗು ಬೆರೆತ ಮೊಳಕಾಲ್ಮೂರು, ಚಳ್ಳಕೆರೆ ಕಡೆಯ ಹಿರಿಯರು ಇದನ್ನು ಹಗೇವು ಎನ್ನುತ್ತಾರೆಯೇ, ಪಾತರ ಎನ್ನುತ್ತಾರೆಯೇ?